ಹೆಸರಿಡದ ಹಗೇವು

ಸೆಪ್ಟೆಂಬರ್ 24, 2025, ಬುಧವಾರ

ಇವತ್ತಿನಿಂದ ಮತ್ತೆ ದಿನಚರಿ. ಇದಕ್ಕೆ ಕಾರಣ ನನ್ನ ಹೆಂಡತಿ ಯಮುನಾ. ಅಂಗಡಿಯಿಂದ ಬಂದವನು ತಟ್ಟೆಯ ಮುಂದೆ ಕೂತ ಕೂಡಲೇ ಕಂಪ್ಯೂಟರಿನ ಪುರಾಣ ಬಿಚ್ಚುತ್ತೇನಂತೆ. "ಅದನ್ನೆಲ್ಲ ಒಂದು ಪುಸ್ತಕದಾಗೆ ಬರ್ಕಳ್ರಿ. ಪುಸ್ತಕ ಆದ್ರೆ ಮಧ್ಯದಾಗೆ ಎದ್ದು ಹೋಗಲ್ಲ" ಎಂದಳು.

ಬರೆದುಕೊಳ್ಳುವಂಥ ಸುದ್ದಿಯೂ ಇದೆ. ನನ್ನ 'ಕಟ್ಟೆಮಾತು' ಜಾಲತಾಣಕ್ಕೆ ನವೆಂಬರ್ ಒಂದಕ್ಕೆ ಮೂರು ವರ್ಷ ತುಂಬುತ್ತದೆ. ಹೊಳಲ್ಕೆರೆಯ ಓದುಗರ ಬಳಗದವರು ಅವತ್ತು ರಾಜ್ಯೋತ್ಸವಕ್ಕೆ ಬಿಳಿ ಪರದೆ ಕಟ್ಟಿ ತಾಣವನ್ನು ಊರಿಗೆಲ್ಲ ತೋರಿಸುತ್ತಾರಂತೆ. ಬರೆಯುವ ಮೂವತ್ತೊಂದು ಜನರನ್ನೂ ಕರೆದಿದ್ದಾರೆ. ಎಲ್ಲರೂ ತಮ್ಮದೊಂದು ಬರಹ ಓದಬೇಕು. ಕಡೆಗೆ ನಾನು, ರಾಮಾಂಜನೇಯ, ತಾಣದ ಮೊಟ್ಟಮೊದಲ ಬರಹ ಓದಬೇಕು. ಅದು ಅಪ್ಪನ ಬಗ್ಗೆ ನಾನು ಬರೆದದ್ದು. ಇಡೀ ತಾಣದಲ್ಲಿ ನನ್ನದು ಅದೊಂದೇ. ಉಳಿದವರದನ್ನು ತಿದ್ದುವುದರಲ್ಲೇ ನನ್ನ ಹೊತ್ತು ಹೋಗುತ್ತದೆ.

ಒಟ್ಟು ಇನ್ನೂರ ಹನ್ನೊಂದು ಬರಹಗಳು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಜನ ಕಾಗದದಲ್ಲಿ, ವಾಟ್ಸಾಪಿನಲ್ಲಿ, ಕೆಲವರು ಬಾಯಲ್ಲೇ ಹೇಳಿ ಕಳಿಸುತ್ತಾರೆ. ನಾನು ಭಾಷೆ ತಿದ್ದಿ ನೇರವಾಗಿ ತಾಣಕ್ಕೆ ಏರಿಸುತ್ತೇನೆ. ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಕರಡು ತಿದ್ದಿದ ಕೈ ಇದು. ಈಗ ಜೆರಾಕ್ಸ್ ಅಂಗಡಿ ಇಟ್ಟರೂ ಕೈ ಸುಮ್ಮನಿರುವುದಿಲ್ಲ.

ತಾಣ ಇರುವುದು ಚಿತ್ರದುರ್ಗದ ನನ್ನ ಅಂಗಡಿಯ ಮೇಜಿನ ಕೆಳಗಿನ ಕಂಪ್ಯೂಟರಿನಲ್ಲೇ. ವಿಡಿಯೋ ನೋಡಿ ಕಲಿತು, ಡಾಕರ್ ಎಂಬ ವ್ಯವಸ್ಥೆಯಲ್ಲಿ ನಡೆಸುತ್ತಿದ್ದೇನೆ. ಯಮುನಾಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ: ಕಂಪ್ಯೂಟರಿನೊಳಗೆ ಎರಡು ಕಂಟೇನರ್, ಅಂದರೆ ಎರಡು ಡಬ್ಬಿ. ಒಂದರಲ್ಲಿ ವರ್ಡ್‌ಪ್ರೆಸ್ ಇದೆ, ಬಂದವರಿಗೆ ಪುಟ ಬಡಿಸುವುದು ಅದರ ಕೆಲಸ. ಇನ್ನೊಂದರಲ್ಲಿ ಡೇಟಾಬೇಸ್ ಇದೆ, ಬರೆದದ್ದೆಲ್ಲ ಅದರ ಉಸ್ತುವಾರಿಯಲ್ಲಿ. ಡಬ್ಬಿ ಹಳತಾದರೆ ಬಿಸಾಡಿ ಹೊಸದು ತಂದಿಡಬಹುದು. ಅದೇ ಇದರ ಸೊಗಸು.

"ಡಬ್ಬಿ ಬಿಸಾಕಿದ್ರೆ ಒಳಗಿನ ಬ್ಯಾಳೆ?" ಎಂದು ಕೇಳಿದಳು.

ಇದು ತಾಂತ್ರಿಕ ವಿಷಯ, ನಿನಗೆ ತಿಳಿಯುವುದಿಲ್ಲ ಎಂದೆ.

ಸೆಪ್ಟೆಂಬರ್ 26, ಶುಕ್ರವಾರ

ಹಿರಿಯೂರಿನಿಂದ ತೆಂಗಿನಕಾಯಿ ಮಂಡಿಯ ಜಂಬಣ್ಣನ ಹೊಸ ಬರಹ ಬಂತು. ಅವನು ಬರೆದಿದ್ದು: 'ಕಾಯಿನ ಕಿವಿ ಹತ್ರ ಹಿಡಿದು ಅಲ್ಲಾಡಿಸ್ಬೇಕು. ನಮ್ಮತ್ತೆ ಥರ ಒಳಗೊಳಗೆ ಗೊಣಗ್ತು ಅಂದ್ರೆ ಒಳ್ಳೆ ಕಾಯಿ.' ನಾನು ತಿದ್ದಿದ್ದು: 'ತೆಂಗಿನಕಾಯಿಯನ್ನು ಅಲುಗಾಡಿಸಿದಾಗ ನೀರಿನ ಧ್ವನಿ ಸ್ಪಷ್ಟವಾಗಿ ಕೇಳಿಬಂದಲ್ಲಿ ಅದು ಉತ್ತಮ ಗುಣಮಟ್ಟದ್ದೆಂದು ಪರಿಗಣಿಸಬಹುದು.'

ಸಂಜೆ ಫೋನ್ ಮಾಡಿದ. "ಎಲ್ಲಾ ಚೆನ್ನಾಗೈತೆ ಕಣಪ್ಪ. ನಮ್ಮತ್ತೆ ಎಲ್ಲಿಗೆ ಹೋದ್ಲು?"

ಪ್ರಕಟಣೆಗೊಂದು ಘನತೆ ಇರಬೇಕು ಎಂದು ವಿವರಿಸಿದೆ. ಅವನು ಹೂಂ ಹೂಂ ಅಂದ. ಪಾಸ್‌ವರ್ಡ್ ನನಗೊಬ್ಬನಿಗೇ ಗೊತ್ತಿರುವುದು ಎಷ್ಟು ಒಳ್ಳೆಯದು ಎಂದು ಇಂಥ ಹೊತ್ತಿನಲ್ಲಿ ಅನಿಸುತ್ತದೆ.

ಸೆಪ್ಟೆಂಬರ್ 30, ಮಂಗಳವಾರ

ನಾಳೆ ಆಯುಧಪೂಜೆ. ಇಡೀ ದಿನ ಅಂಗಡಿ ತೊಳೆದೆ. ಜೆರಾಕ್ಸ್ ಯಂತ್ರದ ಹೊಟ್ಟೆಯಿಂದ ಒಂದು ಲೋಟ ಕರಿಪುಡಿ ಬಂತು. ಲ್ಯಾಮಿನೇಷನ್ ಯಂತ್ರ, ಪೇಪರ್ ಕತ್ತರಿಸುವ ಬ್ಲೇಡು, ಸ್ಟೇಪ್ಲರ್, ಎಲ್ಲದಕ್ಕೂ ಸ್ನಾನ.

ಕಂಪ್ಯೂಟರಿನ ಹೊರಗಿನ ಧೂಳು ಒರೆಸಿದೆ. ಒಳಗಿನ ಕಸ ಹಾಗೇ ಬಿಟ್ಟು ಕುಂಕುಮ ಇಡುವುದು ದೇವಿಗೆ ಮಾಡುವ ಮೋಸ ಅನ್ನಿಸಿತು. ಮೂರು ವರ್ಷದ ಹಳೆಯ ಡಬ್ಬಿಗಳೆರಡನ್ನೂ ಇಳಿಸಿ ತೆಗೆದುಹಾಕಿದೆ. ಬೇಡದ್ದನ್ನೆಲ್ಲ ಗುಡಿಸುವ ಆಜ್ಞೆ ಕೊಟ್ಟೆ. ಯಾವ ಡಬ್ಬಿಯೂ ಬಳಸದ, ಹೆಸರಿಲ್ಲದ ಉಗ್ರಾಣವೊಂದಿದೆ, ಅದನ್ನೂ ತೆಗೆಯಲೇ ಎಂದು ಕಂಪ್ಯೂಟರು ಕೇಳಿತು. ಹೌದು ಎಂದೆ. ಹೆಸರಿಲ್ಲದ ಸಾಮಾನು ನನ್ನ ಅಂಗಡಿಯಲ್ಲಿ ಯಾಕಿರಬೇಕು.

ತುಂಬಾ ಜಾಗ ಖಾಲಿಯಾಯಿತು. ತೊಳೆದಿಟ್ಟ ಆಯುಧವನ್ನು ಪೂಜೆಯವರೆಗೆ ಮುಟ್ಟಬಾರದು, ಹಾಗಾಗಿ ಆಫ್ ಮಾಡಿ ವಿಭೂತಿ ಎಳೆದು ಬಂದೆ. ಮನಸ್ಸು ಹಗುರವಾಗಿದೆ.

ಅಕ್ಟೋಬರ್ 1, ಬುಧವಾರ

ಪೂಜೆಯಾಯಿತು. ಕುಂಬಳಕಾಯಿ ಒಡೆದೆ. ಗುಂಡಿ ಒತ್ತಿದೆ. ಹೊಸ ಡಬ್ಬಿಗಳೆರಡೂ ಚೆನ್ನಾಗಿ ಎದ್ದು ಕೂತವು. ತಾಣ ತೆರೆದೆ.

'ಸ್ವಾಗತ. ನಿಮ್ಮ ತಾಣಕ್ಕೊಂದು ಹೆಸರು ಕೊಡಿ.'

ಹೆಸರು ಮೂರು ವರ್ಷದ ಹಿಂದೆಯೇ ಕೊಟ್ಟಿದ್ದೆ.

ಯಮುನಾ ಮಂಡಕ್ಕಿ, ಬೆಲ್ಲ, ಕಡ್ಲೆ ಕಲಸಿ ಕೊಟ್ಟಳು. ತಿನ್ನಲಿಲ್ಲ.

ಅಕ್ಟೋಬರ್ 3, ಶುಕ್ರವಾರ

ಇನ್ನೂರ ಹನ್ನೊಂದೂ ಹೋಗಿವೆ.

ಆ ಹೆಸರಿಲ್ಲದ ಉಗ್ರಾಣವೇ ಡೇಟಾಬೇಸಿನ ಉಗ್ರಾಣ, ಬರಹಗಳೆಲ್ಲ ಇದ್ದದ್ದು ಅಲ್ಲೇ. ಡಬ್ಬಿಗಳನ್ನು ಮೊದಲೇ ತೆಗೆದಿದ್ದರಿಂದ ಯಾರೂ ಬಳಸದ್ದೆಂದು ಕಂಡಿತ್ತು. ಮೂರು ವರ್ಷದ ಹಿಂದೆ ಅದಕ್ಕೊಂದು ಹೆಸರಿಡಿ ಎಂದು ವಿಡಿಯೋದವನು ಹೇಳಿದ್ದ. ಆಮೇಲೆ ಇಟ್ಟರಾಯಿತು ಎಂದುಕೊಂಡಿದ್ದೆ. ಬ್ಯಾಕಪ್ಪೂ ಇತ್ತು. ಪ್ರತಿ ಸೋಮವಾರ ತಪ್ಪದೆ ಆಗುತ್ತಿತ್ತು, ಆದರೆ ಹೋಗಿ ಕೂರುತ್ತಿದ್ದದ್ದು ಅದೇ ಡಬ್ಬಿಯೊಳಗೆ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದವನನ್ನು ಕಂಡು ನಕ್ಕಿದ್ದೇನೆ.

ಫೋಟೋಗಳು ಉಳಿದಿವೆ, ಅವನ್ನು ಹೊರಗಿನ ಜಾಗದಲ್ಲಿಟ್ಟಿದ್ದೆ. ಜಂಬಣ್ಣನ ತೆಂಗಿನಕಾಯಿಗಳು ಒಂದು ಮಾತಿಲ್ಲದೆ ನನ್ನನ್ನೇ ನೋಡುತ್ತಿವೆ. ಹುಡುಕುವ ತಾಣಗಳಲ್ಲಾದರೂ ಪ್ರತಿ ಇರಬಹುದೆಂದು ನೋಡಿದೆ. ಇಲ್ಲ. ಯಾರೂ ಕದಿಯಬಾರದೆಂದು ಅವುಗಳಿಗೆ ಬಾಗಿಲು ಹಾಕಿದ್ದವನೂ ನಾನೇ. ಜನ ಕಳಿಸಿದ್ದ ಮೂಲಗಳನ್ನು ತಿದ್ದಿದ ಮರುಕ್ಷಣ ಅಳಿಸುತ್ತಿದ್ದೆ, ಕಾಗದವಾದರೆ ಹರಿದು ಹಾಕುತ್ತಿದ್ದೆ.

'ತಾಣವು ದುರಸ್ತಿಯಲ್ಲಿದೆ, ಸಹಕರಿಸಿ' ಎಂದು ಒಂದು ಪುಟ ಹಾಕಿದೆ. ಮೂರು ಸಲ ಓದಿದೆ, ಕಾಗುಣಿತ ಸರಿಯಾಗಿದೆ.

ಅಕ್ಟೋಬರ್ 8, ಬುಧವಾರ

ಜಂಬಣ್ಣ ಫೋನ್ ಮಾಡಿ ಏನು ದುರಸ್ತಿ ಎಂದು ಕೇಳಿದ. ಹೊಸ ವಿನ್ಯಾಸ ಎಂದೆ. "ಬಣ್ಣ ಹೊಡೆಸ್ತಿದೀಯ? ಹಸಿರು ಹೊಡ್ಸಪ್ಪ" ಎಂದ. ಆಗಲಿ ಎಂದೆ.

ತುರುವನೂರಿನಿಂದ ಓಬಕ್ಕನ ಸೊಸೆ ಫೋನ್ ಮಾಡಿದಳು. ಓಬಕ್ಕನಿಗೆ ಎಪ್ಪತ್ತೆಂಟು, ಓದು ಬರುವುದಿಲ್ಲ. ತುರುವನೂರು ನನ್ನ ಹುಟ್ಟೂರು, ಇವಳು ಅಲ್ಲಿ ಅಪ್ಪನ ಜೊತೆ ಕೂಲಿ ಮಾಡಿದವಳು. ಸಂಜೆ ದನ ಕಟ್ಟಿದ ಮೇಲೆ ಸೊಸೆಯಿಂದ ತಾಣವನ್ನು ಓದಿಸಿಕೊಳ್ಳುತ್ತಾಳೆ. ಒಂದು ವಾರದಿಂದ ಓದಲು ಏನೂ ಇಲ್ಲವೆಂದು ಅತ್ತೆ ಸೊಸೆ ಜಗಳ ಆಡುತ್ತಿದ್ದಾರಂತೆ. ಯಂತ್ರ ಕೆಟ್ಟಿದೆ ಎಂದೆ. ಜಂಬಣ್ಣನಿಗೆ ಒಂದು ಸುಳ್ಳು, ಇವಳಿಗೆ ಇನ್ನೊಂದು. ಯಾರಿಗೆ ಏನು ಹೇಳಿದೆನೆಂದು ಪಟ್ಟಿ ಇಡಬೇಕಾದೀತು.

ಅಪ್ಪನ ಬರಹ ಮತ್ತೆ ಬರೆಯಲು ಕೂತೆ. ಆಗಲಿಲ್ಲ. ಅಪ್ಪ ತೀರಿಕೊಂಡು ಹನ್ನೊಂದು ವರ್ಷ. ಮೂರು ವರ್ಷದ ಹಿಂದೆ ಅದನ್ನು ಕರಡಿಲ್ಲದೆ ಒಂದೇ ಉಸಿರಿಗೆ ಟೈಪ್ ಮಾಡಿದ್ದೆ. ನನ್ನಂಥವನಿಗೆ ಕರಡು ಯಾಕೆ ಎಂಬ ಧಿಮಾಕು.

ಅಕ್ಟೋಬರ್ 13, ಸೋಮವಾರ

ಕಾರ್ಯಕ್ರಮ ಬೇಡ ಎಂದು ಹೊಳಲ್ಕೆರೆಯವರಿಗೆ ಮುಖತಃ ಹೇಳಿಬರಲು ಹೊರಟೆ. ಬಸ್ ಹತ್ತಿದರೆ ಕಂಡಕ್ಟರ್ ಆಶಾರಾಣಿ. ದುರ್ಗದಿಂದ ಹೊಸದುರ್ಗದ ಮಾರ್ಗ ಅವಳದು. ಪ್ರಯಾಣಿಕರ ಬಗ್ಗೆ ಹದಿನೆಂಟು ಬರಹ ಬರೆದವಳು.

"ಎಲ್ಲಿಗೆ ಸಾರ್?"

"ಹೊಳಲ್ಕೆರೆಗೆ."

"ಕಾರ್ಯಕ್ರಮದ ಕೆಲಸನಾ? ನಂದು ಯಾವುದು ಓದ್ಲಿ ಸಾರ್? ಕೋಳಿಗೆ ಟಿಕೆಟ್ ಕೊಟ್ಟಿದ್ದು ಓದ್ಲಾ?"

ಅವಳ ಮುಖ ನೋಡಿದೆ. ಇನ್ನೊಂದು ಸುಳ್ಳು ಹುಡುಕಿದೆ, ಸಿಗಲಿಲ್ಲ. "ಕೋಳಿ ಇಲ್ಲ ಆಶಾರಾಣಿ. ಏನೂ ಇಲ್ಲ. ಹಬ್ಬಕ್ಕೆ ಗುಡಿಸೋವಾಗ ನಾನೇ ಎಲ್ಲಾ ಅಳಿಸಿದೆ" ಎಂದೆ.

"ಎಲ್ಲಾ ಅಳಿಸ್ಬಿಟ್ರಾ?"

ಬಸ್ಸಿಗೆ ಬಸ್ಸೇ ತಿರುಗಿತು. ಹಿಂದಿನ ಸೀಟಿನ ಯಜಮಾನರು "ಪಾಣಿನೂ ಹೋತೇನಪ್ಪ?" ಎಂದು ಗಾಬರಿಯಾದರು. ಜಮೀನಿನ ದಾಖಲೆ ಅಲ್ಲವೆಂದು ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಆಶಾರಾಣಿ ಮುಂದಿನ ಸ್ಟಾಪಿನ ಜನರಿಗೆ ಟಿಕೆಟ್ ಕೊಟ್ಟು ವಾಪಸ್ ಬಂದು ನನ್ನ ಪಕ್ಕ ಕೂತಳು.

"ನನ್ನವು ಹದಿನೆಂಟೂ ಮನೇಲಿ ಅವೆ ಸಾರ್. ಮಿಕ್ಕಿದ ಟಿಕೆಟ್ ರೋಲಿನ ಮೇಲೆ ಪೆನ್ನಲ್ಲಿ ಬರೀತೀನಿ. ಸುತ್ತಿ ಉಪ್ಪಿನಕಾಯಿ ಭರಣಿಲಿ ಇಟ್ಟಿದೀನಿ."

"ಭರಣಿಲಾ?"

"ಇಲಿ ಬರಲ್ಲ." ನನ್ನ ಕಡೆ ತಿರುಗಿ ಕೇಳಿದಳು: "ಇಷ್ಟು ಹೇಳೋಕೆ ಹನ್ನೆರಡು ದಿನ ಬೇಕಾಯ್ತಾ ಸಾರ್?"

ಹೊಳಲ್ಕೆರೆ ಬಂದಾಗ ಎದ್ದೆ. "ಕುಂತ್ಕಳ್ರಿ, ಹೊಸದುರ್ಗಕ್ಕೆ ಹೋಗಾಣ" ಎಂದು ಮುಂದಿನ ಟಿಕೆಟ್ ಹರಿದು ಕೈಗಿಟ್ಟಳು.

ಕಾರ್ಯಕ್ರಮ ನಿಲ್ಲಿಸುವ ಯೋಚನೆ ಬಿಟ್ಟು, ಹೊಸದುರ್ಗದ ಅವಳ ಮನೆಯಲ್ಲಿ ಕೂತೇ ಮೂವತ್ತು ಜನಕ್ಕೂ ಒಂದೇ ಸಂದೇಶ ಕಳಿಸಿದೆ: ನಾನೇ ಅಳಿಸಿದ್ದೇನೆ, ಸುಳ್ಳೂ ಹೇಳಿದ್ದೇನೆ, ಕ್ಷಮಿಸಿ, ನಿಮ್ಮ ಹತ್ತಿರ ಏನಾದರೂ ಉಳಿದಿದ್ದರೆ ಕೊಡಿ. ಜಂಬಣ್ಣನ ಉತ್ತರ ಮೊದಲು ಬಂತು: 'ಹಂಗಾದ್ರೆ ಹಸಿರು ಬಣ್ಣ ಸುಳ್ಳಾ?'

ಮನೆಗೆ ಬಂದು ಯಮುನಾಗೆ ಹೇಳಿದೆ. ನಾನು ಮಂಡಕ್ಕಿ ಬಿಟ್ಟ ದಿನವೇ ಗೊತ್ತಾಗಿತ್ತಂತೆ.

ಅಕ್ಟೋಬರ್ 16, ಗುರುವಾರ

ಹಿರಿಯೂರು. ಜಂಬಣ್ಣನ ಮಂಡಿಯಲ್ಲಿ ಕಾಯಿಯ ರಾಶಿಯ ನಡುವೆ ಒಂದು ಕಂಬ, ಕಂಬಕ್ಕೊಂದು ತಂತಿ, ತಂತಿಗೆ ಚುಚ್ಚಿದ ಕ್ಯಾಲೆಂಡರ್ ಹಾಳೆಗಳು. ಪ್ರತಿ ತಿಂಗಳು ಹರಿದ ಹಾಳೆಯ ಬೆನ್ನಿಗೆ ಬರೆದಿದ್ದಾನೆ. ಮೂವತ್ತೈದು ತಿಂಗಳು, ಮೂವತ್ತೈದು ಬರಹ. ಒಂದೂ ತಪ್ಪಿಲ್ಲ.

"ಬ್ಯಾಕಪ್ ಅಂದ್ರೆ ಇದು ಕಣಪ್ಪ. ಮೊಳೆಗೆ ನೇತಾಕಿರ್ಬೇಕು" ಎಂದ. ಇನ್ನು ಒಂದು ವರ್ಷ ಈ ಮಾತು ಕೇಳಬೇಕು.

ಅಲ್ಲೇ ಮೂಟೆಯ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದೆ. ಗೊಣಗುವ ಅತ್ತೆ ಬಂದಳು. ತಿದ್ದಲು ಹೋದರೆ ಹದಿನೈದು ದಿನದಲ್ಲಿ ಮುಗಿಯುವ ಕೆಲಸವಲ್ಲ, ಆದ್ದರಿಂದ ಹಾಗೆಯೇ ಹಾಕಿದೆ. ಜಂಬಣ್ಣನ ಅತ್ತೆ ಒಳಗಿಂದ ಮಜ್ಜಿಗೆ ತಂದುಕೊಟ್ಟರು. ಗೊಣಗುತ್ತಲೇ ಕೊಟ್ಟರು. ವರ್ಣನೆ ಬಹಳ ಕರಾರುವಾಕ್ಕಾಗಿದೆ.

ಅಕ್ಟೋಬರ್ 19, ಭಾನುವಾರ

ನೂರ ಮೂವತ್ತೆಂಟು. ಹೊಳಲ್ಕೆರೆಯ ಟೈಲರ್ ಮುರುಗೇಶಪ್ಪ ಬಟ್ಟೆ ಕತ್ತರಿಸುವ ಕಂದು ಕಾಗದದಲ್ಲಿ ಬರೆದಿಟ್ಟಿದ್ದರು. ಒಂದು ಬರಹದ ಆಕಾರ ಜುಬ್ಬದ ತೋಳಿನ ಹಾಗಿದೆ. ಅಂಗಡಿ ತುಂಬ ಭರಣಿ, ತಂತಿ, ತೋಳು. ಜೆರಾಕ್ಸ್ ಮಾಡಿಸಲು ಬಂದವರು ನಿಂತು ಓದಿ ನಗುತ್ತಾರೆ. ಅರ್ಜೆಂಟ್ ಎಂದು ಬಂದವರಿಗೂ ಅರ್ಜೆಂಟ್ ಇರುವುದಿಲ್ಲ.

ಅಕ್ಟೋಬರ್ 22, ಬುಧವಾರ

ದೀಪಾವಳಿಯ ಪಾಡ್ಯ. ಬೆಳಿಗ್ಗೆ ಯಮುನಾಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿದೆ. ಬೇಳೆಯ ಪ್ರಶ್ನೆ ಕೇಳಿದವಳು ಅವಳೇ ಅಲ್ಲವೆ.

ಈಗ ಬರಹಗಳು ಡಬ್ಬಿಗೆ ಅಂಟಿಕೊಂಡಿಲ್ಲ. ಹೊರಗೆ ಬೇರೆ ಉಗ್ರಾಣದಲ್ಲಿವೆ. ಡಬ್ಬಿ ಅಲ್ಲಿಂದ ತೆಗೆದು ಬಡಿಸುತ್ತದೆ ಅಷ್ಟೆ. "ಅಂದ್ರೆ ನಿಮ್ಮಪ್ಪ ಕಾಳು ತೆಗಿಯಾಕೆ ಇಳೀತಿದ್ದ ಹಗೇವು ಇದ್ದಂಗೆ. ಮನೆ ಬಿದ್ರೂ ನೆಲದೊಳಗಿನ ಜೋಳ ನೆಲದಾಗೇ ಇರತೈತೆ" ಎಂದಳು ಯಮುನಾ. ಉಗ್ರಾಣಕ್ಕೆ 'ಹಗೇವು' ಎಂದೇ ಹೆಸರಿಟ್ಟೆ. ಕಂಪ್ಯೂಟರು ಒಪ್ಪಿತು.

ಆಮೇಲೆ ಪರೀಕ್ಷೆ. ಎಲ್ಲದರ ಒಂದು ನಕಲನ್ನು ಹೊರಗೆ ತೆಗೆದಿಟ್ಟುಕೊಂಡು, ಎರಡೂ ಡಬ್ಬಿಗಳನ್ನು ಬೇಕೆಂದೇ ಕಿತ್ತು ಹಾಕಿದೆ. ಹೊಸದನ್ನು ಎಬ್ಬಿಸಿದೆ. ಯಮುನಾ ಪರದೆಗೆ ಮುಖ ಹತ್ತಿರ ತಂದು "ಕೋಳಿ ಐತೆ" ಎಂದಳು. ಇಬ್ಬರೂ ಒಬ್ಬಟ್ಟು ತಿಂದೆವು. ನಾನು ನಾಲ್ಕು ತಿಂದೆ.

ಪ್ರತಿ ಸಂಜೆ ಒಂದು ನಕಲು ಜಂಬಣ್ಣನ ಮಂಡಿಯ ಕಂಪ್ಯೂಟರಿಗೆ ಹೋಗುವ ಹಾಗೆ ಮಾಡಿದ್ದೇನೆ. ಪಾಸ್‌ವರ್ಡನ್ನು ಅವನಿಗೂ ಆಶಾರಾಣಿಗೂ ಕೊಟ್ಟೆ. ಭದ್ರತೆಯ ದೃಷ್ಟಿಯಿಂದ ಅದೇ ಸರಿ.

ಅಕ್ಟೋಬರ್ 24, ಶುಕ್ರವಾರ

ನೂರ ಎಂಬತ್ತೇಳು. ಇನ್ನುಳಿದದ್ದು ಓಬಕ್ಕನ ಇಪ್ಪತ್ತಮೂರು, ನನ್ನದೊಂದು.

ಅಪ್ಪನದನ್ನು ಈವರೆಗೆ ಮೂರು ಸಲ ಬರೆದೆ. ಮೂರೂ ಪತ್ರಿಕೆಯ ಶ್ರದ್ಧಾಂಜಲಿಯ ಹಾಗಿವೆ. 'ಶ್ರಮಜೀವಿಯೂ ಮಿತಭಾಷಿಯೂ ಆಗಿದ್ದ ಶ್ರೀ ಸಣ್ಣತಿಮ್ಮಪ್ಪನವರು.' ಯಾರಿವರು. ಎಲ್ಲರದ್ದೂ ವಾಪಸ್ ಬಂದು ನನ್ನಪ್ಪನೊಬ್ಬ ಬರದಿದ್ದರೆ ತಡೆಯುವುದು ಕಷ್ಟ.

ಅಕ್ಟೋಬರ್ 26, ಭಾನುವಾರ

ತುರುವನೂರಿಗೆ ಹೋಗಿದ್ದೆ. ಓಬಕ್ಕ ಬಾಗಿಲಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದಳು. ಅವಳು ಹೇಳಿದ ಇಪ್ಪತ್ತಮೂರೂ ಸೊಸೆಯ ಫೋನಿನಲ್ಲಿ ಧ್ವನಿಯಾಗಿ ಹಾಗೇ ಇದ್ದವು. ನನ್ನ ಫೋನಿಗೆ ಹಾಕಿಸಿಕೊಂಡೆ.

"ನಿಂದು ಸಿಕ್ತೇನಪ್ಪ?" ಎಂದಳು.

"ಇಲ್ಲ ಓಬಕ್ಕ. ಅದೊಂದು ಹೋಯ್ತು."

"ಎಲ್ಲಿಗೆ ಹೋಗತೈತೆ? ನಾನು ಹತ್ತು ಸಲ ಓದಿಸಿಕೊಂಡೀನಿ. ಹೇಳ್ಲಾ?"

ಹೇಳತೊಡಗಿದಳು. ಸೊಸೆ ಫೋನ್ ಹಿಡಿದು ಧ್ವನಿ ತುಂಬಿಕೊಂಡಳು. ನಾನು ಬರೆದದ್ದೇ ಕ್ರಮವಾಗಿ ಬಂತು. ಬೇಸಿಗೆಯಲ್ಲಿ ಗೌಡರ ಮನೆಯ ಹಗೇವು ತೆರೆಯುವುದು, ನೆಲದೊಳಗಿನ ಕೆಟ್ಟ ಗಾಳಿ ಹೋಗಲೆಂದು ಕಾಯುವುದು, ಮೊದಲು ಲಾಟೀನು ಇಳಿಬಿಟ್ಟು ದೀಪ ಆರಲಿಲ್ಲವೆಂದು ನೋಡುವುದು, ಆಮೇಲೆ ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುವುದು. ಹಗ್ಗದ ಇನ್ನೊಂದು ತುದಿ ದೊಡ್ಡವರ ಕೈಯಲ್ಲಿರುತ್ತಿತ್ತು. ನಾನೂ ಹಿಡಿದುಕೊಳ್ಳುತ್ತಿದ್ದೆ. ಒಳಗೆ ಗಾಳಿ ಕೆಟ್ಟರೆ ಮನುಷ್ಯ ಕೂಗದೆಯೇ ಬೀಳುತ್ತಾನೆ, ಅದಕ್ಕೇ ಮೇಲಿನವರು ಕರೆಯುತ್ತಲೇ ಇರಬೇಕು. ಏಳು ವರ್ಷದ ನಾನು ಗುಂಡಿಯ ಬಾಯಿಗೆ ಬಗ್ಗಿ ಅಪ್ಪಾ ಅಪ್ಪಾ ಎಂದು ಕರೆಯುತ್ತಿದ್ದೆ.

"ಆಗ ನಿಮ್ಮಪ್ಪ ಒಳಗಿಂದ ಅನ್ನಾನು: 'ಸತ್ತಿಲ್ಲ ಕಣಲೇ, ಹಗ್ಗ ಹಿಡ್ಕ.'"

ಸೊಸೆ ನಕ್ಕಳು. ನಾನು ಓಬಕ್ಕನನ್ನು ತಡೆದೆ. "ನಾನು ಹಂಗೆ ಬರೆದಿರಲಿಲ್ಲ ಓಬಕ್ಕ."

"ನೀನು 'ಕ್ಷೇಮವಾಗಿದ್ದೇನೆ ಮಗನೇ' ಅಂತ ಬರದಿದ್ದೆ. ನಮ್ಮ ಸಣ್ಣತಿಮ್ಮ ಯಾವತ್ತು ಹಂಗಂದಿದ್ನಪ್ಪ? ಮ್ಯಾಲೆ ಜೋಳದ ಪುಟ್ಟಿ ಹಿಡಕೊಂಡು ನಿಂತಿರ್ತಿದ್ದೋಳು ನಾನು. ನೀನು ಹೆದರ್ಕೊಂಡು ಅಳ್ತಿದ್ದೆ. ನಗಿಸಾಕೆ ಅನ್ನಾನು."

"ಅವತ್ತೇ ಹೇಳಬಾರದಿತ್ತಾ?"

"ಓದಿದೋನು ಬರದವ್ನೆ, ಹಂಗೇ ಇರಬೇಕೇನೋ ಅಂದ್ಕಂಡೆ."

ಅಪ್ಪನ ದನಿ ಹನ್ನೊಂದು ವರ್ಷದ ಮೇಲೆ ಕೇಳಿಸಿತು. ಶೇಂಗಾ ಬಿಡಿಸುವ ನೆಪದಲ್ಲಿ ತಲೆ ತಗ್ಗಿಸಿ ಅತ್ತೆ. ಓಬಕ್ಕ ನೋಡದವಳಂತೆ ಇನ್ನೊಂದು ಬೊಗಸೆ ಕಾಯಿ ನನ್ನ ಮುಂದೆ ಸುರಿದಳು.

ದುರ್ಗಕ್ಕೆ ಬಂದು ಅವಳು ಹೇಳಿದ್ದನ್ನು ಹೇಳಿದಂತೆ ಟೈಪ್ ಮಾಡಿದೆ. ಇನ್ನೂರ ಹನ್ನೊಂದು.

ನವೆಂಬರ್ 1, ಶನಿವಾರ

ಹೊಳಲ್ಕೆರೆಯಿಂದ ಸಂಜೆಯ ಬಸ್ಸಿಗೆ ಬಂದೆವು. ಪರದೆ ಸ್ವಲ್ಪ ಸೊಟ್ಟಗಿತ್ತು, ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಆಶಾರಾಣಿ ಟಿಕೆಟ್ ರೋಲನ್ನು ಬಿಚ್ಚುತ್ತ ಬಿಚ್ಚುತ್ತ ಕೋಳಿಯ ಕಥೆ ಓದಿದಳು. ರೋಲಿನ ತುದಿ ಮೊದಲ ಸಾಲಿನವರ ಕಾಲಿಗೆ ಹೋಗಿ ಸೇರಿತು. ಜಂಬಣ್ಣ ಅತ್ತೆಯನ್ನೂ ಕರೆತಂದಿದ್ದ. ಅವರು ತಮ್ಮ ಬಗ್ಗೆ ಓದಿದ್ದಕ್ಕೆ ಗೊಣಗಿದರು, ಮತ್ತೊಮ್ಮೆ ಓದಿಸಿದರು.

ಕಡೆಗೆ ನಾನು. ಚೆನ್ನಾಗಿಯೇ ಓದುತ್ತಿದ್ದೆ. 'ಗುಂಡಿಗೆ ಬಗ್ಗಿ ಅಪ್ಪಾ ಅಂತ ಕರೆದೆ' ಎಂಬಲ್ಲಿಗೆ ಬಂದಾಗ ಓದು ನಿಂತಿತು. ಸಭೆ ಕಾಯಿತು. ಮುಂದಿನ ಸಾಲಿನಲ್ಲಿದ್ದ ಓಬಕ್ಕನಿಗೆ ಅಷ್ಟು ತಾಳ್ಮೆ ಇಲ್ಲ. ಕೂತಲ್ಲಿಂದಲೇ ಗಟ್ಟಿಯಾಗಿ "ಸತ್ತಿಲ್ಲ ಕಣಲೇ, ಹಗ್ಗ ಹಿಡ್ಕ" ಎಂದಳು. ಇಡೀ ಸಭೆ ನಕ್ಕಿತು. ನಾನೂ ನಕ್ಕೆ. ಮುಂದೆ ಸಲೀಸಾಗಿ ಓದಿದೆ.

ಸಭೆ ಮುಗಿದ ಕೂಡಲೇ ಹೊರಟಿದ್ದ ಜಂಬಣ್ಣ, ನಾನು ಮನೆ ತಲುಪುವ ಮೊದಲೇ ಹಿರಿಯೂರು ಸೇರಿದ್ದ. ದಿನಾ ಸಂಜೆ ನಮ್ಮ ತಾಣದ ನಕಲು ಅವನಲ್ಲಿಗೆ ಸರಿಯಾಗಿ ಹೋಗಿ ಸೇರಿತೇ ಎಂದು ಕೇಳುವುದು ರೂಢಿಯಾಗಿದೆ. ಇವತ್ತೂ ಮನೆಗೆ ಬಂದವನೇ 'ಬಂತೇನೋ?' ಎಂದು ಸಂದೇಶ ಹಾಕಿದೆ.

ಅವನ ಧ್ವನಿ ಸಂದೇಶ ಬಂತು. ಯಮುನಾಗೂ ಕೇಳಲಿ ಎಂದು ಜೋರಾಗಿ ಇಟ್ಟೆ. ಹಿಂದೆ ಅತ್ತೆ ಗೊಣಗುವುದು ಕೇಳುತ್ತಿತ್ತು. ಜಂಬಣ್ಣ ಅಂದದ್ದು ಒಂದೇ ಮಾತು.

"ಸತ್ತಿಲ್ಲ ಕಣಲೇ, ಹಗ್ಗ ಹಿಡ್ಕ."